ಅಣ್ಣನ ಜನತಾ ವಾಚು

ಹಳೆಯ ವಾಚನ್ನು ರಿಪೇರಿ ಮಾಡಿಸಬೇಕೇ ಬೇಡವೇ ಎಂಬುದನ್ನು ನಾವು ದುಡ್ಡಿನ ಲೆಕ್ಕದಲ್ಲೇ ತೀರ್ಮಾನಿಸುವುದು ರೂಢಿ. ಆದರೆ ಕೆಲವು ವಾಚುಗಳಿಗೆ ಚರಿತ್ರೆಯ ಲೆಕ್ಕವೂ ಉಂಟು. ಎಚ್‌ಎಂಟಿ ಜನತಾ ಅಂಥದ್ದು.

ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಮೊದಲು ತಯಾರಿಸಿದ್ದು ಲೇತಿನಂಥ ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚಿಗೂ ಕೈಹಾಕಿತು. ಚೂರುಚೂರು ಭಾಗಗಳನ್ನು ಜೋಡಿಸುವ ಆ ನಾಜೂಕಿನ ಕೆಲಸದಲ್ಲಿ ಹೆಣ್ಣುಮಕ್ಕಳೂ ಇದ್ದರು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ಆ ಕಾಲದಲ್ಲಿ ನೌಕರಿ ಸಿಕ್ಕವನಿಗೆ, ಮನೆಯ ಅಳಿಯನಿಗೆ, ನಿವೃತ್ತರಾದವರಿಗೆ ಎಚ್‌ಎಂಟಿಯೇ ಉಡುಗೊರೆ.

ಹೊಸದು ಕೈಗೆಟುಕದವರು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರು. ನಮ್ಮಣ್ಣ ಕೊಂಡದ್ದೂ ಹಾಗೆಯೇ. ಅದನ್ನು ನೋಡಿಕೊಂಡೇ ಆತ ಬೆಳಗಿನ ಪಾಳಿಯ ಬಸ್ಸು ಹಿಡಿದ; ನನ್ನ ಬಿ.ಎಡ್. ಫೀಜು ಕಟ್ಟಿದ್ದು ಆ ಪಾಳಿಯ ಸಂಬಳದಿಂದ. ಆತ ಹೋದ ಮೇಲೆ ಅತ್ತಿಗೆ ವಾಚನ್ನು ನನ್ನ ಕೈಗಿಟ್ಟರು. “ನಿಂತುಹೋಗಿದೆ ಕಣೇ. ಅದಕ್ಕೆ ಸುಮ್ಮನೆ ದುಡ್ಡು ಸುರೀಬೇಡ” ಎಂದರು.

ನಮ್ಮೂರಿನ ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಬ್ಯಾಟರಿಯಿಲ್ಲ. ಕೀ ಕೊಟ್ಟಾಗ ಸುತ್ತಿಕೊಂಡ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಆ ಓಟವನ್ನು ಹದದಲ್ಲಿಡುತ್ತದೆ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಅಚ್ಚುಗಳು ಸವೆಯದಿರಲೆಂದು 17 ಹರಳುಗಳಿವೆ. ಎಣ್ಣೆ ಒಣಗಿ ಅಂಟಾದರೂ ವಾಚು ನಿಲ್ಲುತ್ತದೆ. ಬಿಚ್ಚಿ, ತೊಳೆದು, ಹೊಸ ಎಣ್ಣೆ ಬಿಟ್ಟರೆ ಮತ್ತೆ ನಡೆಯುತ್ತದೆ. ನೀರಿಳಿದು ತುಕ್ಕು ತಿಂದಿದ್ದರೆ, ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿದ್ದರೆ ಮಾತ್ರ ಕಷ್ಟ.

“ತುಕ್ಕಿಲ್ಲ ಮೇಡಂ, ಎಣ್ಣೆ ಒಣಗಿದೆ ಅಷ್ಟೆ. ಆದರೆ ನನ್ನ ಕೂಲಿ ಹೊಸ ಬ್ಯಾಟರಿ ವಾಚಿಗಿಂತ ಜಾಸ್ತಿ ಆಗುತ್ತೆ” ಎಂದರು.

ಜನತಾವನ್ನು ಮೂಲೆಗೆ ಸರಿಸಿದ್ದೂ ಬ್ಯಾಟರಿ ವಾಚೇ. 1984ರಲ್ಲಿ ಸ್ಥಾಪನೆಯಾದ ಟೈಟನ್ ಕಂಪನಿಯ ಕ್ವಾರ್ಟ್ಸ್ ವಾಚುಗಳು ಬಂದ ಮೇಲೆ ದಿನಾ ಕೀ ಕೊಡುವ ವ್ಯವಧಾನ ಜನರಿಗೆ ಉಳಿಯಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಈಗ ಬಿಡಿಭಾಗ ಬೇಕೆಂದರೆ ಎಷ್ಟೋ ಸಲ ಇನ್ನೊಂದು ಹಳೆಯ ವಾಚಿನಿಂದಲೇ ಬಿಚ್ಚಬೇಕು.

ಮಾರುವುದಕ್ಕಾದರೆ ಈ ರಿಪೇರಿ ಗಿಟ್ಟುವುದಿಲ್ಲ; ಕಟ್ಟಿಕೊಳ್ಳುವುದಕ್ಕಾದರೆ ಗಿಟ್ಟುತ್ತದೆ. ನಾನು ಕಟ್ಟಿಕೊಳ್ಳುವವಳು. “ಸರ್ವಿಸ್ ಮಾಡಿ” ಎಂದೆ. ಡಯಲ್‌ಗೆ ಹೊಸ ಬಣ್ಣ ಹಾಕಿಸಲೇ ಎಂದು ಕೇಳಿದ್ದಕ್ಕೆ ಬೇಡವೆಂದೆ. ಬಣ್ಣ ಬಳಿದು ಹೊಸದರಂತೆ ಮಾಡಿದ ಎಚ್‌ಎಂಟಿಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಮಾಸಿದ ನಾಗರಿ ಅಕ್ಷರದ ‘ಜನತಾ’ ಅಣ್ಣ ನೋಡುತ್ತಿದ್ದ ಹಾಗೆಯೇ ಇರಲಿ.

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಇದ್ದೀತು. ಎಸೆಯುವ ಮೊದಲು, ಈ ಕೆಲಸ ಬಲ್ಲವರು ಊರಲ್ಲಿ ಇರುವಾಗಲೇ, ಒಮ್ಮೆ ಮುಚ್ಚಳ ತೆಗೆಸಿ ನೋಡಿ.