ಬೀಳ್ಕೊಡುವವರು, ಬೀಳ್ಕೊಳ್ಳುವವರು

ಫೆಬ್ರುವರಿ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಬೀಳ್ಕೊಡುಗೆ’ ಎಂಬ ಪದಕ್ಕೆ ಸುಗ್ಗಿ. ‘ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಬೀಳ್ಕೊಡುಗೆ’, ‘ಶಾರದಾ ಪೂಜೆ ಹಾಗೂ ಬೀಳ್ಕೊಡುಗೆ ಸಮಾರಂಭ’ ಎಂಬ ತಲೆಬರಹಗಳು ದಿನವೂ ಕಾಣುತ್ತವೆ. ಕೆಳಗಿನ ವರದಿಗಳೂ ಹೆಚ್ಚುಕಡಿಮೆ ಒಂದೇ ಬಗೆಯವು: ಮುಖ್ಯ ಶಿಕ್ಷಕರು ಕಿವಿಮಾತು ಹೇಳಿದರು, ಊರಿನ ಹಿರಿಯರು ಹಾರೈಸಿದರು, ಒಂಬತ್ತನೇ ತರಗತಿಯವರು ಹೂವು ಕೊಟ್ಟರು, ಹತ್ತನೇ ತರಗತಿಯವರು ‘ಅನಿಸಿಕೆ ಹಂಚಿಕೊಂಡರು’. ಆ ತಲೆಬರಹದ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. ಅದರಲ್ಲಿ ವಿದ್ಯಾರ್ಥಿಗಳು ಯಾವಾಗಲೂ ಚತುರ್ಥಿ ವಿಭಕ್ತಿಯಲ್ಲೇ ಇರುತ್ತಾರೆ: ವಿದ್ಯಾರ್ಥಿಗಳಿಗೆ. ಹೊರಡುವವರು ಅವರು, ದಿನವೂ ಅವರದು. ಕ್ರಿಯೆ ಮಾತ್ರ ಉಳಿಯುವವರದು. ವರ್ಷಕ್ಕೆ ಸುಮಾರು 8 ಲಕ್ಷ ಮಕ್ಕಳು ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಗೆ ಕೂರುತ್ತಾರೆ. ಅವರಲ್ಲಿ ಬಹಳ ಮಂದಿಯ ಪಾಲಿಗೆ ಸಭೆಯ ಮುಂದೆ ತಮ್ಮ ಹೆಸರಿನಲ್ಲಿ ನಡೆಯುವ ಮೊದಲ ಸಮಾರಂಭವೇ ಇದು. ಅಲ್ಲಿ ಅವರು ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಕನ್ನಡದಲ್ಲಿ ಹಳೆಯ, ಗಟ್ಟಿಯಾದ ಕ್ರಿಯಾಪದವೂ ಇದೆ. ನಾವು ಆ ಪದವನ್ನು ಬಳಕೆಯಿಂದ ಜಾರಲು ಬಿಟ್ಟೆವು, ಜೊತೆಗೆ ಕೆಲಸವೂ ಜಾರಿತು ಎಂಬುದು ನನ್ನ ವಾದ.

ಆ ಕ್ರಿಯಾಪದ ‘ಬೀಳ್ಕೊಳ್ಳು’. ಹಳಗನ್ನಡದಿಂದಲೂ ಇದು ಜೋಡಿಪದ. ಉಳಿಯುವವರು ಬೀಳ್ಕೊಡುತ್ತಾರೆ, ಅಂದರೆ ಹೋಗಲು ಅಪ್ಪಣೆ ಕೊಡುತ್ತಾರೆ. ಹೊರಡುವವರು ಬೀಳ್ಕೊಳ್ಳುತ್ತಾರೆ, ಅಂದರೆ ಆ ಅಪ್ಪಣೆಯನ್ನು ಕೇಳಿ ಪಡೆಯುತ್ತಾರೆ. ಕುಮಾರವ್ಯಾಸನಲ್ಲಿ ಅರಸರೂ ಋಷಿಗಳೂ ದೂತರೂ ಹೀಗೆಯೇ ಅಗಲುತ್ತಾರೆ, ಒಬ್ಬ ಬೀಳುಕೊಟ್ಟರೆ ಇನ್ನೊಬ್ಬ ಬೀಳುಕೊಳ್ಳುತ್ತಾನೆ. ‘ಕೊಡು’ ಮತ್ತು ‘ಕೊಳ್ಳು’ ಎಂಬ ಎರಡು ಸಣ್ಣ ಧಾತುಗಳಿಂದ ಕನ್ನಡ ಎಷ್ಟೊಂದು ಸಂಬಂಧಗಳನ್ನು ಹೆಣೆದಿದೆ! ಶಾಲೆಯೇ ಒಳ್ಳೆಯ ಉದಾಹರಣೆ. ಮೇಷ್ಟ್ರು ಹೇಳಿಕೊಡುತ್ತಾರೆ, ಮಕ್ಕಳು ಕಲಿತುಕೊಳ್ಳುತ್ತಾರೆ. ಹೇಳಿಕೊಟ್ಟ ಮಾತ್ರಕ್ಕೆ ಪಾಠ ಮುಗಿಯಲಿಲ್ಲ. ಕಲಿತುಕೊಳ್ಳುವವರು ತಮ್ಮ ಪಾಲಿನ ಕೆಲಸ ಮಾಡದಿದ್ದರೆ ಹೇಳಿಕೊಟ್ಟದ್ದು ಗಾಳಿಗೆ ಹೋಯಿತು. ಅಗಲಿಕೆಯೂ ಹಾಗೆ ಇಬ್ಬರಿಂದ ಆಗಬೇಕಾದ ಕೆಲಸ. ಆದರೆ ‘ಬೀಳ್ಕೊಡು’ ಎಂಬುದಕ್ಕೆ ‘ಗೆ’ ಪ್ರತ್ಯಯ ಸೇರಿ, ಉಡುಗೆ ತೊಡುಗೆಗಳ ಸಾಲಿಗೆ ಸಲ್ಲುವ ‘ಬೀಳ್ಕೊಡುಗೆ’ ಎಂಬ ಚೊಕ್ಕ ನಾಮಪದ ಹುಟ್ಟಿತು. ಆಮಂತ್ರಣ ಪತ್ರಿಕೆಗೂ ಬ್ಯಾನರಿಗೂ ಅದು ಚೆನ್ನಾಗಿ ಒಗ್ಗಿತು. ‘ಬೀಳ್ಕೊಳ್ಳು’ವಿಗೆ ಅಂಥ ನಾಮಪದ ದಕ್ಕಲಿಲ್ಲ. ‘ಬೀಳ್ಕೊಳ್ಳುವಿಕೆ’ ಎಂದು ಬರೆಯಬಹುದು, ಆದರೆ ಯಾರ ಬಾಯಲ್ಲೂ ಅದು ನಿಲ್ಲದು. ಸಮಾರಂಭಕ್ಕೆ ನಾಮಪದ ಬೇಕು; ನಾಮಪದ ಇದ್ದ ಕಡೆ ಅಧಿಕಾರವೂ ಉಳಿಯಿತು.

‘ಕೊಡುಗೆ’ ಎಂಬ ಅರ್ಧ ಪದಕ್ಕೂ ಗೌರವದ ಚರಿತ್ರೆಯಿದೆ. ಶಾಸನಗಳಲ್ಲಿ ಅದು ‘ಕೊಡಗೆ’, ದತ್ತಿಯಾಗಿ ಬಿಟ್ಟ ಭೂಮಿ. ಹೋರಾಟದಲ್ಲಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ, ಕೆರೆ ಕಟ್ಟಿದ್ದಕ್ಕೆ ಕೊಟ್ಟದ್ದು ಕಟ್ಟುಗೊಡಗೆ. ಪಡೆದವರು ಸುಮ್ಮನೆ ಕೈಚಾಚಿದವರಲ್ಲ, ಏನನ್ನೋ ಮಾಡಿದವರು, ಇಲ್ಲವೇ ಕಳೆದುಕೊಂಡವರು. ಈ ನೆನಪು ಇದ್ದರೆ ಬೀಳ್ಕೊಡುಗೆಯ ವೇದಿಕೆಯ ಮುಂದೆ ಕುಳಿತ ಮಕ್ಕಳನ್ನು ನೋಡುವ ಕಣ್ಣೂ ಬೇರೆಯಾದೀತು.

ಬೀಳ್ಕೊಳ್ಳುವುದೆಂದರೆ ಏನೇನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಪಠ್ಯವೇ ಇದೆ, ಶಾಕುಂತಲದ ನಾಲ್ಕನೆಯ ಅಂಕ. ಮೈಸೂರಿನ ಬಸವಪ್ಪ ಶಾಸ್ತ್ರಿಗಳ ಕನ್ನಡದಿಂದಾಗಿ ಅದು ಕನ್ನಡಿಗರದೂ ಆಗಿದೆ. ಮಗಳನ್ನು ಕಳಿಸಿಕೊಡುವ ಕಣ್ವನ ದುಃಖಕ್ಕಾಗಿ ಆ ಅಂಕವನ್ನು ಮೆಚ್ಚುವುದು ವಾಡಿಕೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಶಕುಂತಲೆ ತಾನೇ ಮಾಡುವ ಕೆಲಸಗಳು. ಕಣ್ವ ಆಶ್ರಮದ ಮರಗಳನ್ನು ಅಪ್ಪಣೆ ಕೇಳುತ್ತಾನೆ, ಕೋಗಿಲೆಯ ದನಿಯನ್ನು ಅವು ಕೊಟ್ಟ ಅಪ್ಪಣೆಯೆಂದು ಬಗೆಯುತ್ತಾನೆ. ಅಲ್ಲಿಗೆ ಬೀಳ್ಕೊಡುಗೆ ಆಯಿತು. ಅವಳು ಅಷ್ಟಕ್ಕೆ ಹೊರಟುಬಿಡುವುದಿಲ್ಲ. ವನಜ್ಯೋತ್ಸ್ನೆಯೆಂಬ ಬಳ್ಳಿಯ ಬಳಿ ಹೋಗಿ ಅಪ್ಪಿಕೊಳ್ಳುತ್ತಾಳೆ, ಅದರ ಆರೈಕೆಯನ್ನು ಗೆಳತಿಯರಿಗೆ ಒಪ್ಪಿಸುತ್ತಾಳೆ. ಗಬ್ಬದ ಜಿಂಕೆ ಸುಖವಾಗಿ ಈದರೆ ತನಗೆ ಸುದ್ದಿ ಕಳಿಸಬೇಕೆಂದು ತಂದೆಗೆ ಹೇಳುತ್ತಾಳೆ. ಅಂದರೆ ಬೀಳ್ಕೊಳ್ಳುವುದರಲ್ಲಿ ಮೂರು ಸಂಗತಿಗಳು ಸೇರಿವೆ: ಯಾರು ಯಾರಿಗೆ ತಾನು ಋಣಿ ಎಂದು ಗುರುತಿಸಿ ಅವರ ಬಳಿಗೆ ನಡೆದುಹೋಗುವುದು, ತನ್ನ ಕೈಯಲ್ಲಿದ್ದ ಕೆಲಸವನ್ನು ಉಳಿಯುವವರಿಗೆ ವಹಿಸುವುದು, ಮುಂದಿನ ನಂಟಿಗೆ ಒಂದು ಎಳೆ ಬಿಟ್ಟು ಹೋಗುವುದು. ಕುರ್ಚಿಯಲ್ಲಿ ಕುಳಿತು ಹಾರೈಕೆ ಕೇಳಿಸಿಕೊಂಡರೆ ಈ ಮೂರರಲ್ಲಿ ಒಂದೂ ಆಗುವುದಿಲ್ಲ.

ಇದಕ್ಕೆ ‘ವಿದಾಯ’ ಎಂಬ ಪದ ಸಾಲದೇ ಎಂದು ಯಾರಾದರೂ ಕೇಳಬಹುದು. ಹೋಗುವವನು ಕರ್ತೃವಾಗಿರುವ ವಾಕ್ಯ ಅದರಿಂದ ಸಲೀಸಾಗಿ ಆಗುತ್ತದೆ ಎಂಬುದು ನಿಜ. ಸಂಸ್ಕೃತದಂತೆ ಕೇಳಿಸಿದರೂ ಈ ಅರ್ಥದಲ್ಲಿ ಅದು ಅರಬ್ಬಿಯಿಂದ ಬಂದಿರಬಹುದೆಂದು ಮೋನಿಯರ್ ವಿಲಿಯಮ್ಸರ ನಿಘಂಟೇ ಸೂಚಿಸಿದೆ. ಬಂದ ದಾರಿ ಯಾವುದೇ ಇರಲಿ, ಈಗ ಅದು ಕನ್ನಡದ್ದೇ. ತೊಡಕಿರುವುದು ಅದರ ಬಳಕೆಯಲ್ಲಿ. ವಿದಾಯವನ್ನು ಹೇಳುತ್ತೇವೆ. ಹೇಳುವುದಕ್ಕೆ ಎದುರಿಗೆ ಯಾರೂ ಇರಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ರಾಹುಲ್ ದ್ರಾವಿಡ್ ತಮ್ಮ ಕೊನೆಯ ಟೆಸ್ಟ್ ಆಡಿದ್ದು 2012ರ ಜನವರಿಯಲ್ಲಿ, ಅಡಿಲೇಡಿನಲ್ಲಿ. ನಿವೃತ್ತಿ ಪ್ರಕಟಿಸಿದ್ದು ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ. ಪಂದ್ಯ ಮುಗಿದ ಎಷ್ಟೋ ದಿನಗಳ ಮೇಲೆ ಬಂದ ಆ ಮಾತಿಗೆ ‘ವಿದಾಯ’ ಒಪ್ಪುತ್ತದೆ. 2008ರ ನವೆಂಬರಿನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆಯವರನ್ನು ಸಹ ಆಟಗಾರರು ಹೆಗಲ ಮೇಲೆ ಹೊತ್ತರಲ್ಲ, ಅದು ಬೀಳ್ಕೊಡುವುದು. ಕ್ರಿಕೆಟ್ಟಿಗೆ, ರಾಜಕೀಯಕ್ಕೆ, ಚಟಕ್ಕೆ ಕೂಡ ವಿದಾಯ ಹೇಳಬಹುದು. ಚಟವನ್ನು ಬೀಳ್ಕೊಳ್ಳಲು ಬರುವುದಿಲ್ಲ. ಬೀಳ್ಕೊಳ್ಳಬೇಕಾದರೆ ಎದುರಿಗೆ ಒಂದು ಮುಖ ಇರಬೇಕು. ಇನ್ನು ಮಕ್ಕಳ ಬಾಯಲ್ಲಿರುವ ‘ಸೆಂಡಾಫ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದೂ ಕಳಿಸುವವರ ಪದವೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹದಿನೈದು, ಹದಿನಾರರ ಮಕ್ಕಳು. ಅಪ್ಪಣೆ ಕೊಡುವುದು ಹಿರಿಯರ ಹಕ್ಕು. ಪಡೆಯುವವರಾಗಿ ವಿನಯದಿಂದ ಇರುವುದೇ ಅವರಿಗೆ ಶೋಭೆ ಎಂದು ಹೇಳುವವರಿದ್ದಾರೆ. ವಿನಯದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇಳಿ ಪಡೆಯುವುದಕ್ಕಿಂತ ಮಿಗಿಲಾದ ವಿನಯ ಯಾವುದು? ಕೇಳದೆಯೇ ಸಿಕ್ಕ ಅಪ್ಪಣೆಗೆ ತಲೆಬಾಗುವ ಪ್ರಸಂಗವೇ ಬರುವುದಿಲ್ಲ. ಅಲ್ಲದೆ ಇನ್ನೆರಡು ಮೂರು ತಿಂಗಳಲ್ಲಿ ಇದೇ ಮಕ್ಕಳು ಪಿಯುಸಿಯೋ, ಡಿಪ್ಲೊಮಾವೋ, ಐಟಿಐಯೋ, ವಿಜ್ಞಾನವೋ, ಕಲೆಯೋ ಎಂಬ ದೊಡ್ಡ ಆಯ್ಕೆ ಮಾಡಬೇಕು. ಅಷ್ಟು ದೊಡ್ಡ ನಿರ್ಧಾರಕ್ಕೆ ಸಾಕಾಗುವ ವಯಸ್ಸು ಮೂರು ವರ್ಷ ಓದಿದ ಶಾಲೆಯಿಂದ ಅಪ್ಪಣೆ ಕೇಳುವುದಕ್ಕೆ ಸಾಲದು ಎನ್ನುವುದು ಸರಿಯಲ್ಲ. ಇಲ್ಲಿ ವೇಳೆಯ ಮಾತೂ ಇದೆ. ವಿಶ್ವವಿದ್ಯಾಲಯದ ಘಟಿಕೋತ್ಸವ ಫಲಿತಾಂಶದ ಆಮೇಲೆ ಬರುತ್ತದೆ, ಅಲ್ಲಿ ಕರೆಯುವುದು ಪಾಸಾದವರನ್ನು. ಪ್ರೌಢಶಾಲೆಯ ಬೀಳ್ಕೊಡುಗೆ ಪರೀಕ್ಷೆಗೂ ಮೊದಲೇ ಆಗಿಹೋಗುತ್ತದೆ. ಯಾರಿಗೆ ಡಿಸ್ಟಿಂಕ್ಷನ್, ಯಾರಿಗೆ ಮತ್ತೆ ಪರೀಕ್ಷೆ ಎಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಇಡೀ ತರಗತಿ ಒಂದೇ ಸಾಲಿನಲ್ಲಿ ಕುಳಿತಿರುತ್ತದೆ. ಅಂಕಗಳು ಬೇರ್ಪಡಿಸುವ ಮುನ್ನ ಸಿಗುವ ಆ ಸಮಾನತೆ ಈ ಪದ್ಧತಿಯ ಅತ್ಯಂತ ಸುಂದರವಾದ ಅಂಶ, ಅದನ್ನು ಪೂರಾ ಪರೀಕ್ಷಾ ತಯಾರಿಯ ಉಪದೇಶಕ್ಕೆ ಖರ್ಚುಮಾಡುವುದು ನನಗೆ ನೋವಿನ ಸಂಗತಿ.

ಪದ ಮರೆತರೂ ಮಕ್ಕಳು ಕ್ರಿಯೆಯನ್ನು ಪೂರ್ತಿ ಮರೆತಿಲ್ಲ ಎಂಬುದಕ್ಕೆ ಸಾಕ್ಷಿಗಳಿವೆ. ಹತ್ತನೇ ತರಗತಿಯವರು ದುಡ್ಡು ಒಟ್ಟುಹಾಕಿ ಶಾಲೆಗೆ ಗೋಡೆ ಗಡಿಯಾರವನ್ನೋ ಕುರ್ಚಿಗಳನ್ನೋ ಕೊಡುತ್ತಾರೆ. ಸ್ಲ್ಯಾಮ್ ಬುಕ್ಕು, ಆಟೋಗ್ರಾಫ್ ಪುಸ್ತಕ ಹಿಡಿದು ಒಬ್ಬೊಬ್ಬರ ಬಳಿಗೂ ಹೋಗುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟವರ ಮುಂದೆಯೂ ಪುಸ್ತಕ ಚಾಚುತ್ತಾರೆ. ಇದು ಅಪ್ಪಟ ಬೀಳ್ಕೊಳ್ಳುವಿಕೆ, ಬಾಯಿಗೆ ಒಗ್ಗದ ಆ ಪದವನ್ನೇ ಇಲ್ಲಿ ಬಳಸದೆ ವಿಧಿಯಿಲ್ಲ. ಆದರೆ ಇದೆಲ್ಲ ಕಾರ್ಯಕ್ರಮದ ಪಟ್ಟಿಯ ಹೊರಗೆ, ಕಾರಿಡಾರಿನಲ್ಲಿ ನಡೆಯುತ್ತದೆ. ಇದನ್ನು ಪಟ್ಟಿಯ ಒಳಗೆ ತರಲು ದೊಡ್ಡ ಏರ್ಪಾಡೇನೂ ಬೇಡ. ಬಿಸಿಯೂಟ ಬಡಿಸಿದ ಅಡುಗೆಯವರು, ಗಂಟೆ ಹೊಡೆದ ಜವಾನರು ವೇದಿಕೆಯ ಮೇಲೆ ಕಾಣುವುದು ಅಪರೂಪ. ಶಕುಂತಲೆ ಬಳ್ಳಿಯ ಬಳಿಗೆ ನಡೆದಂತೆ ಮಕ್ಕಳು ಅವರ ಬಳಿಗೆ ನಡೆದುಹೋಗಲು ಅರ್ಧ ಗಂಟೆ ಕೊಟ್ಟರಾಯಿತು. ತಾವು ನೀರೆರೆದ ಗಿಡ, ನೋಡಿಕೊಂಡ ಗ್ರಂಥಾಲಯದ ಕಪಾಟು ಇನ್ನು ಯಾರ ಜವಾಬ್ದಾರಿ ಎಂದು ಅವರೇ ಒಂಬತ್ತನೆಯವರ ಹೆಸರು ಹಿಡಿದು ಒಪ್ಪಿಸಲಿ. ಕಾರ್ಯಕ್ರಮ ತುಸು ಉದ್ದವಾದೀತು. ಅತಿಥಿಗಳ ಭಾಷಣದಲ್ಲಿ ಅಷ್ಟನ್ನು ಕಡಿತ ಮಾಡಬಹುದು.

ಬೀಳ್ಕೊಡುಗೆಯ ಜೊತೆಗೆ ನೋಡಲೇಬೇಕಾದ ಇನ್ನೊಂದು ಪದವಿದೆ: ‘ಬಿಡು’. ಸಂಜೆ ಗಂಟೆ ಹೊಡೆದರೆ ಶಾಲೆ ಬಿಟ್ಟಿತು ಎನ್ನುತ್ತೇವೆ. ಹತ್ತನೇ ತರಗತಿ ಮುಗಿಸಿದವರ ವರ್ಗಾವಣೆ ಪ್ರಮಾಣಪತ್ರದಲ್ಲಿ ಶಾಲೆ ಬಿಟ್ಟ ದಿನಾಂಕ ಎಂದಿರುತ್ತದೆ. ಎಂಟನೆಯಲ್ಲೋ ಒಂಬತ್ತನೆಯಲ್ಲೋ ನಿಂತುಹೋದವರು ‘ಶಾಲೆ ಬಿಟ್ಟ ಮಕ್ಕಳು’. ಕ್ರಿಯಾಪದ ಒಂದೇ ಆದರೂ ಮುಗಿಸಿ ಬಿಟ್ಟವರಿಗೆ ಹೂವು, ಸಿಹಿ, ಗುಂಪು ಫೋಟೋ. ನಡುವೆ ಬಿಟ್ಟವರಿಗೆ ಯಾವ ಸಮಾರಂಭವೂ ಇಲ್ಲ. ಮನೆಯವರ ಜೊತೆ ಗುಳೆ ಹೋದವನು, ಮದುವೆ ಮಾಡಿ ಕಳಿಸಿದ ಹುಡುಗಿ, ಗ್ಯಾರೇಜಿಗೆ ಸೇರಿದವನು, ಇವರನ್ನು ಯಾರೂ ಬೀಳ್ಕೊಡಲಿಲ್ಲ, ಬೀಳ್ಕೊಳ್ಳಲು ಅವರಿಗೂ ಅವಕಾಶ ಸಿಗಲಿಲ್ಲ. ಮುಗಿಸದವರನ್ನು ಕರೆದರೆ ಮುಗಿಸಿದ್ದಕ್ಕೆ ಬೆಲೆ ಎಲ್ಲಿ ಎಂದು ಕೆಲವರಿಗೆ ಅನ್ನಿಸಬಹುದು. ಪರೀಕ್ಷೆಯನ್ನೇ ಇನ್ನೂ ಬರೆಯದ ಸಾಲಿನ ಬಗ್ಗೆ ಆ ಮಾತು ನಿಲ್ಲುವುದಿಲ್ಲ. ಹಳೆಯ ಹಾಜರಿ ಪುಸ್ತಕಗಳಲ್ಲಿ ಅವರ ಹೆಸರುಗಳಿವೆ. ಹೆಚ್ಚಿನವರ ಮನೆ ಯಾವ ಕೇರಿಯಲ್ಲಿದೆ, ಈಗ ಯಾವ ಅಂಗಡಿಯಲ್ಲಿದ್ದಾರೆ ಎಂದು ಅದೇ ತರಗತಿಯ ಗೆಳೆಯರಿಗೆ ಗೊತ್ತಿರುತ್ತದೆ. ಈ ಫೆಬ್ರುವರಿಯಲ್ಲಿ ಆಮಂತ್ರಣ ಪತ್ರಿಕೆ ಅಚ್ಚಾದಾಗ ಮೊದಲ ಕೆಲವು ಪ್ರತಿಗಳು ಆ ಮನೆಗಳಿಗೆ ಹೋಗಲಿ, ಹತ್ತನೇ ತರಗತಿಯ ಮಕ್ಕಳ ಕೈಯಲ್ಲೇ.