ಜಂಗಲ್, ಕಟ್ಟುಮರ ಮತ್ತು ಕೆರಿಬಿಯನ್ ಕಡಲಿನ ವಿಹಾರ

ಎರಡು ದೋಣಿಗಳ ಮೇಲೆ ಕಾಲಿಡಬಾರದೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಮಾತು ನಿಜ. ಆದರೆ ಆ ಎರಡು ದೋಣಿಗಳನ್ನು ಪಕ್ಕಪಕ್ಕದಲ್ಲಿರಿಸಿ, ಅಡ್ಡತೊಲೆಗಳನ್ನು ಬಿಗಿದು, ಮೇಲೆ ಹಲಗೆ ಹಾಸಿದರೆ ಅದರ ಮೇಲೆ ಕಾಲನ್ನಷ್ಟೇ ಅಲ್ಲ, ಎತ್ತಿನ ಗಾಡಿಯನ್ನೂ ಮೋಟಾರು ವಾಹನವನ್ನೂ ಇರಿಸಬಹುದೆಂಬುದನ್ನು ಅದೇ ಹಿರಿಯರು ಕಂಡುಕೊಂಡಿದ್ದರು. ಅದಕ್ಕೆ ನಮ್ಮ ಜಿಲ್ಲೆಯಲ್ಲಿ ‘ಜಂಗಲ್’ ಎಂದು ಹೆಸರು. ಕಾಡು ಎಂಬ ಅರ್ಥದ ಹಿಂದೀ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಹಳೆಯ ವಿಷಯವನ್ನು ಈಗ ಎತ್ತಿಕೊಂಡುದಕ್ಕೆ ಕಾರಣವಿದೆ. ನನ್ನ ಶಿಷ್ಯರಲ್ಲಿ ಕೆಲವರು ಅಮೆರಿಕೆಯಲ್ಲಿ ನೆಲೆಸಿದ್ದಾರೆ. ಚಳಿಗಾಲದ ರಜೆಯಲ್ಲಿ ಎರಡು ಮೂರು ಕುಟುಂಬಗಳು ಒಟ್ಟಾಗಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ, ಅಲ್ಲಿ ‘ಕ್ಯಾಟಮರಾನ್’ ಎಂಬ ಜೋಡಿ ಒಡಲಿನ ಹಾಯಿದೋಣಿಯನ್ನು ನಾವಿಕನ ಸಮೇತ ಬಾಡಿಗೆಗೆ ಹಿಡಿದು, ಒಂದು ವಾರ ಕಡಲಿನ ಮೇಲೆಯೇ ಉಂಡು ಮಲಗಿ ಬರುವ ಪದ್ಧತಿ ಅವರಲ್ಲಿ ಬೆಳೆದಿದೆ. ಹಾಗೆ ಹೋಗಿ ಬಂದವನೊಬ್ಬ ನನ್ನನ್ನು ಕೇಳಿದ: “ಮಾಸ್ಟ್ರೇ, ಕ್ಯಾಟಮರಾನ್ ಎಂಬುದು ನಮ್ಮ ಕಡೆಯ ಶಬ್ದವಂತೆ, ಹೌದೇ?” ಹೌದೆಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಆ ‘ಹೌದು’ ಎಂಬುದರ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಅದನ್ನು ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣವೆಂದು ಈ ಬರಹ.

ಮೊದಲು ನಮ್ಮ ನದಿಯಿಂದಲೇ ತೊಡಗೋಣ. ಕುದುರೆಮುಖದ ಮಲೆಗಳಲ್ಲಿ ಹುಟ್ಟುವ ನೇತ್ರಾವತಿ ಧರ್ಮಸ್ಥಳದ ಸ್ನಾನಘಟ್ಟವನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರುಗಳನ್ನು ದಾಟಿ ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ನಮ್ಮ ಮೇಲಿನ ಭಾಗದಲ್ಲಿ ಬಂಡೆಗಳೇ ಹೆಚ್ಚು. ದೋಣಿಯೆಂದರೆ ದಡದಿಂದ ದಡಕ್ಕೆ ದಾಟಿಸುವ ಸಾಧನ ಮಾತ್ರ. ಬಂಟ್ವಾಳದಿಂದ ಕೆಳಕ್ಕೆ ಮಾತ್ರ ನದಿಯೇ ಹೆದ್ದಾರಿ. ಘಟ್ಟದ ಮೇಲಿನಿಂದ ಗಾಡಿಗಳಲ್ಲಿ ಇಳಿದು ಬಂದ ಕಾಫಿ ಮೊದಲಾದ ಸರಕು ಬಂಟ್ವಾಳದ ಪೇಟೆಯಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು. ಮರಳುವ ದೋಣಿಗಳಲ್ಲಿ ಉಪ್ಪು, ಒಣಮೀನು ಬರುತ್ತಿದ್ದವು. ಬಂಟ್ವಾಳ ಪೇಟೆ ಅಷ್ಟೊಂದು ಬೆಳೆದುದು ನದಿಯ ಕೃಪೆಯಿಂದ. 1923ರಲ್ಲಿಯೂ 1974ರಲ್ಲಿಯೂ ಮಹಾನೆರೆಗೆ ಸಿಕ್ಕಿ ನಲುಗಿದುದೂ ಅದೇ ನದಿಯಿಂದ.

ಸೇತುವೆಗಳು ಬರುವ ಮೊದಲು ನಮ್ಮ ಕರಾವಳಿಯ ಪ್ರಯಾಣವೆಂದರೆ ಕಡವಿನಿಂದ ಕಡವಿಗೆ ಎಂದೇ ಲೆಕ್ಕ. ಮಂಗಳೂರಿನಿಂದ ಉಡುಪಿಗೆ ಹೋಗುವವರು ಕೂಳೂರಿನಲ್ಲಿ ಗುರುಪುರ ನದಿಯನ್ನು, ಮೂಲ್ಕಿಯಲ್ಲಿ ಶಾಂಭವಿಯನ್ನು, ಮುಂದೆ ಉದ್ಯಾವರದ ಹೊಳೆಯನ್ನು ದಾಟಬೇಕಿತ್ತು. ಮನುಷ್ಯರಿಗೆ ಒಂಟಿ ದೋಣಿ, ಗಾಡಿಗಳಿಗೆ ಜಂಗಲ್. ಅಂಬಿಗರು ಬಿದಿರಿನ ಗಳವನ್ನು ನದಿಯ ತಳಕ್ಕೆ ಊರಿ, ಎದೆಗೊತ್ತಿ, ಹಲಗೆಯ ಮೇಲೆ ಹಿಂದಕ್ಕೆ ನಡೆಯುತ್ತ ಅದನ್ನು ಮುಂದಕ್ಕೆ ದೂಡುತ್ತಿದ್ದರೆಂದು ನನ್ನ ತಂದೆಯವರು ವರ್ಣಿಸುತ್ತಿದ್ದರು. ಆಷಾಢದ ನೀರಿನಲ್ಲಿ ಯಾವಾಗ ದಾಟಬಹುದು, ಯಾವಾಗ ದಾಟಬಾರದು ಎಂಬ ತೀರ್ಮಾನ ಅಂಬಿಗನದು. ಪಟೇಲರೇ ಬಂದು ನಿಂತಿದ್ದರೂ ಅವನು ಬೇಡವೆಂದರೆ ಬೇಡ.

ಒಂಟಿ ದೋಣಿಗಿಂತ ಜೋಡಿ ದೋಣಿ ಹೆಚ್ಚು ಸ್ಥಿರವೇಕೆ? ಒಂಟಿ ದೋಣಿಯಲ್ಲಿ ಭಾರ ಒಂದು ಪಕ್ಕಕ್ಕೆ ಸರಿದರೆ ದೋಣಿ ವಾಲುತ್ತದೆ. ಜೋಡಿಯಲ್ಲಿ ಒಂದು ಒಡಲು ತಗ್ಗಿದೊಡನೆ ಅದರ ಕೆಳಗಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಅತ್ತ ಮತ್ತೊಂದು ಒಡಲಿನ ತೂಕ ಅದನ್ನು ಹಿಡಿದು ನಿಲ್ಲಿಸುತ್ತದೆ. ಅಗಲವೇ ಅದರ ಬಲ. ಆಳವಾದ ತಳವಾಗಲಿ, ತಳದಲ್ಲಿ ಸೀಸ ಕಬ್ಬಿಣಗಳ ಭಾರವಾಗಲಿ ಬೇಡ. ಆದುದರಿಂದಲೇ ಆಳವಿಲ್ಲದ ನೀರಿನಲ್ಲಿಯೂ ಅದು ಸಾಗುತ್ತದೆ. ಕೂಳೂರಿನ ಜಂಗಲ್ ಆಗಲಿ, ಕೆರಿಬಿಯನ್ನಿನ ವಿಹಾರದೋಣಿಯಾಗಲಿ, ತತ್ತ್ವ ಒಂದೇ. ದೋಷವೂ ಒಂದೇ: ಇಂತಹ ದೋಣಿ ಸುಲಭವಾಗಿ ಮಗುಚದು, ಒಮ್ಮೆ ಮಗುಚಿದರೆ ತಾನಾಗಿ ಏಳದು.

ಇನ್ನು ಶಬ್ದದ ಸಂಗತಿ. ತುಳುವಿನ ಜಂಗಲ, ಮಲಯಾಳದ ಚಂಗಾಡಂ, ತಮಿಳಿನ ಸಂಗಡಂ ಇವೆಲ್ಲ ಒಂದೇ ಕುಟುಂಬದ ಶಬ್ದಗಳು. ಸಂಸ್ಕೃತದ ‘ಸಂಘಾತ’, ಅಂದರೆ ಕೂಡಿಕೆ, ಇವುಗಳ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. ನಾವು ದಿನವೂ ಆಡುವ ‘ಸಂಗಡ’ ಎಂಬ ಮಾತಿನಲ್ಲಿಯೂ ಆ ಕೂಡಿಕೆಯ ಭಾವವೇ ಇದೆ. ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಗ್ರಂಥವು ನಮ್ಮ ದೇಶದ ಪೂರ್ವ ತೀರದಲ್ಲಿ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ‘ಸಂಗರ’ ಎಂಬ ದೊಡ್ಡ ನಾವೆಗಳನ್ನು ಹೆಸರಿಸಿದೆ. ಅದೂ ಇದೇ ಕುಟುಂಬದ್ದೆಂದು ಬಲ್ಲವರ ಅಭಿಪ್ರಾಯ.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದನಂತರ ಪೋರ್ಚುಗೀಸರು ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಬೇರೂರಿದರು. ಮೆಣಸು, ಅಕ್ಕಿಗಳ ಸಂಗಡ ಅವರು ನಮ್ಮ ಶಬ್ದಗಳನ್ನೂ ಒಯ್ದರು. ಚಂಗಾಡಂ ಎಂಬುದು ಅವರ ನಾಲಗೆಯಲ್ಲಿ ‘ಜಂಗಾಡ’ ಆಯಿತು. ಅವರು ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರೆಜಿಲ್ ದೇಶಕ್ಕೆ ಹೋದಾಗ ಅಲ್ಲಿನ ಮೂಲನಿವಾಸಿಗಳ ಮರದ ತೆಪ್ಪಕ್ಕೆ ಅದೇ ಹೆಸರನ್ನು ಇಟ್ಟರು. ಈಶಾನ್ಯ ಬ್ರೆಜಿಲಿನ ಬೆಸ್ತರ ಹಾಯಿತೆಪ್ಪಕ್ಕೆ ಇಂದಿಗೂ ಜಂಗಾಡ ಎಂದೇ ಹೆಸರು.

ಕ್ಯಾಟಮರಾನಿನ ಕಥೆ ಇದಕ್ಕೆ ಸಮಾನಾಂತರವಾದುದು. ಮೂಲ ತಮಿಳಿನ ‘ಕಟ್ಟುಮರಂ’. ಕಟ್ಟು, ಮರ: ಕನ್ನಡದ ಮಗುವಿಗೂ ಅರ್ಥವಾಗುವ ಶಬ್ದ. ಮೂರೋ ನಾಲ್ಕೋ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದರೆ ಕಟ್ಟುಮರ. 1697ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವಿಲಿಯಂ ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕ ಕೋರಮಂಡಲದ ಈ ತೆಪ್ಪಗಳನ್ನು ಹೆಸರಿಸಿ ವರ್ಣಿಸಿದ. ಇಂಗ್ಲಿಷಿಗೆ ಆ ಶಬ್ದ ಪರಿಚಯವಾದುದು ಹೀಗೆ. ಮದರಾಸಿಗೆ ಆಗ ಬಂದರಿರಲಿಲ್ಲ. ದೂರದಲ್ಲಿ ಲಂಗರು ಹಾಕಿದ ಹಡಗುಗಳಿಗೆ ಭೋರ್ಗರೆಯುವ ತೆರೆಗಳನ್ನು ಸೀಳಿಕೊಂಡು ಪತ್ರಗಳನ್ನು ಮುಟ್ಟಿಸುತ್ತಿದ್ದವರು ಕಟ್ಟುಮರದವರು. ಕಾಗದ ನೆನೆಯದಂತೆ ಅದನ್ನು ತಲೆಯ ಟೋಪಿಯೊಳಗೆ ಇರಿಸಿಕೊಳ್ಳುತ್ತಿದ್ದರಂತೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕಟ್ಟುಮರ ಜೋಡಿ ದೋಣಿಯಲ್ಲ, ತೆಪ್ಪ. ಎರಡು ಒಡಲುಗಳ ಹಾಯಿದೋಣಿಯಲ್ಲಿ ಮಹಾಸಾಗರವನ್ನೇ ದಾಟುವ ವಿದ್ಯೆ ಪೆಸಿಫಿಕ್ ದ್ವೀಪಗಳ ಪಾಲಿನೀಷಿಯನ್ ಜನರದು. ಐರೋಪ್ಯರು ಆ ರೂಪಕ್ಕೆ ಈ ಹೆಸರನ್ನು ಅಂಟಿಸಿದರು. ಹೆಸರು ನಮ್ಮ ಕಡೆಯದು, ರೂಪ ಅವರದು. ರೂಪದಲ್ಲಿ ನಿಜವಾಗಿ ಹತ್ತಿರವಿರುವ ನಮ್ಮ ಜಂಗಲ್ ಮಾತ್ರ ಆ ಹೆಸರಿನಿಂದ ಹೊರಗುಳಿಯಿತು!

ಐರೋಪ್ಯರಿಗೆ ಈ ರೂಪದ ಮೇಲೆ ಬಹುಕಾಲ ನಂಬಿಕೆಯಿರಲಿಲ್ಲ. 1660ರ ದಶಕದಲ್ಲಿ ವಿಲಿಯಂ ಪೆಟ್ಟಿ ಎಂಬ ಪಂಡಿತ ಜೋಡಿ ಒಡಲಿನ ಹಡಗುಗಳನ್ನು ಕಟ್ಟಿಸಿ ನೋಡಿದ. ಅವುಗಳಲ್ಲೊಂದು ಕಡಲಿನಲ್ಲಿ ಕಳೆದುಹೋದ ಮೇಲೆ ಉತ್ಸಾಹ ತಗ್ಗಿತು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಎಂಬಾತ ‘ಅಮರಿಲ್ಲಿಸ್’ ಎಂಬ ಜೋಡಿ ದೋಣಿಯೊಂದಿಗೆ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದಿಕ್ಕಿದಾಗ, ಅಂತಹ ದೋಣಿಗಳನ್ನೇ ಪಂದ್ಯದಿಂದ ಹೊರಗಿಟ್ಟರು. ಕೊನೆಗೆ 1950ರ ದಶಕದಲ್ಲಿ ಜೇಮ್ಸ್ ವ್ಹಾರಮ್ ಎಂಬ ಆಂಗ್ಲ ತರುಣ ಇಬ್ಬರು ಜರ್ಮನ್ ತರುಣಿಯರ ಜೊತೆಗೆ, ಸುಮಾರು 23 ಅಡಿ ಉದ್ದದ, ತಾನೇ ಕಟ್ಟಿದ ಜೋಡಿ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪವನ್ನು ಮುಟ್ಟಿದ. ಅಲ್ಲಿಯೇ ಇನ್ನೊಂದನ್ನು ಕಟ್ಟಿ, ಉತ್ತರ ಅಟ್ಲಾಂಟಿಕ್ ಸಾಗರದ ಮೂಲಕ 1959ರಲ್ಲಿ ಹಿಂದಿರುಗಿದ. 1969ರಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳ ಟಾರ್ಟೋಲಾದಲ್ಲಿ ‘ದಿ ಮೂರಿಂಗ್ಸ್’ ಎಂಬ ಸಂಸ್ಥೆ ಕೆಲವೇ ಹಾಯಿದೋಣಿಗಳನ್ನು ಬಾಡಿಗೆಗೆ ಕೊಡಲು ತೊಡಗಿತು. ಮುಂದೆ ಅದು ಆ ದ್ವೀಪಗಳ ದೊಡ್ಡ ಉದ್ಯಮವೇ ಆಯಿತು. ಒಂಟಿ ಒಡಲಿನ ದೋಣಿಗಳ ಜಾಗವನ್ನು ಕ್ರಮೇಣ ಕ್ಯಾಟಮರಾನುಗಳು ಆಕ್ರಮಿಸಿದವು. ಊಟದ ತಟ್ಟೆ ಜಾರದಂತೆ, ಮಕ್ಕಳಿಗೆ ತಲೆಸುತ್ತು ಬಾರದಂತೆ ಸಾಗುವ ದೋಣಿಯನ್ನು ಸಂಸಾರವಂದಿಗರು ಮೆಚ್ಚಿದ್ದು ಸಹಜವೇ.

ಅಲ್ಲಿನ ಕಡಲಿಗೂ ನಮ್ಮ ಕಡಲಿನಂತೆ ಋತುಧರ್ಮವಿದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಡಿಸೆಂಬರಿನಿಂದ ಏಪ್ರಿಲ್ ವರೆಗೆ ನಂಬಿಗಸ್ತವಾಗಿರುತ್ತವೆ. ಜೂನ್ 1ರಿಂದ ನವೆಂಬರ್ 30ರ ವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 6ರಂದು ಅಪ್ಪಳಿಸಿದ ‘ಇರ್ಮಾ’ ಟಾರ್ಟೋಲಾದ ಬಂದರುಗಳಲ್ಲಿದ್ದ ದೋಣಿಗಳನ್ನು ಆಟಿಕೆಗಳಂತೆ ಒಂದರ ಮೇಲೊಂದು ಪೇರಿಸಿಬಿಟ್ಟಿತು. ನಮ್ಮಲ್ಲಿಯೂ ಮಳೆಗಾಲದಲ್ಲಿ ಮಂಜಿಗಳನ್ನು ದಡಕ್ಕೆಳೆದು ತೆಂಗಿನ ಗರಿಯ ಮಾಡಿನ ಕೆಳಗೆ ಇಡುತ್ತಿದ್ದರು. ನೂಲಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಆಮೇಲೆಯೇ ಕಡಲಿಗಿಳಿಯುವುದು ಸಂಪ್ರದಾಯ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ದೋಣಿಗಳ ಇತಿಹಾಸವಾಗುತ್ತದೆಯೇ ಹೊರತು ಮನುಷ್ಯರ ಇತಿಹಾಸವಾಗದು. ಇಂದು ವಿಹಾರದ ಹಾಯಿಗಳು ಬಿಳಿ ಬೆಳ್ಳಕ್ಕಿಗಳಂತೆ ಕಾಣುವ ಆ ನೀರಿನಲ್ಲಿ ಒಂದು ಕಾಲದಲ್ಲಿ ಬಂದ ಹಡಗುಗಳಲ್ಲಿ ಆಫ್ರಿಕದ ಜನರನ್ನು ಸಂಕೋಲೆಯಲ್ಲಿ ತುಂಬಿ ತರುತ್ತಿದ್ದರು. ಕಬ್ಬಿನ ತೋಟಗಳಿಗೆ ದುಡಿಮೆ ಬೇಕಿತ್ತು. ಬ್ರಿಟಿಷ್ ವಸಾಹತುಗಳಲ್ಲಿ 1834ರ ಆಗಸ್ಟ್ 1ರಂದು ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತು. ಬಿಡುಗಡೆ ಹೊಂದಿದವರು ತೋಟಗಳನ್ನು ತೊರೆಯತೊಡಗಿದೊಡನೆ ತೋಟದ ಒಡೆಯರ ಕಣ್ಣು ಭಾರತದ ಮೇಲೆ ಬಿತ್ತು. 1838ರಲ್ಲಿ ಬ್ರಿಟಿಷ್ ಗಯಾನಕ್ಕೆ, 1845ರ ಮೇ 30ರಂದು ‘ಫತೆಲ್ ರಜಾಕ್’ ಹಡಗಿನಲ್ಲಿ ಟ್ರಿನಿಡಾಡಿಗೆ, ಕರಾರಿನ ಕೂಲಿಗಳು ಹೋಗಿ ಇಳಿದರು. 1917ರ ವರೆಗೆ ಟ್ರಿನಿಡಾಡ್ ಒಂದಕ್ಕೇ ಸುಮಾರು 1,44,000 ಭಾರತೀಯರು ಹೋದರು. ಹೆಚ್ಚಿನವರು ಗಂಗಾ ಬಯಲಿನವರು. ಮದರಾಸಿನಿಂದ ಹಡಗೇರಿದವರೂ ಇದ್ದರು. ಅವರಲ್ಲಿ ಬಹುಮಂದಿ ಮರಳಲಿಲ್ಲ.

ಆದರೆ ಇದೇ ಚರಿತ್ರೆಯಲ್ಲಿ ನಮ್ಮ ಶಬ್ದವನ್ನು ಹೊತ್ತ ತೆಪ್ಪದವರು ಮಾಡಿದ ಒಂದು ಕೆಲಸವನ್ನು ನೀವು ತಿಳಿದಿರಬೇಕು. ಬ್ರೆಜಿಲಿನ ಸೆಯಾರಾ ಪ್ರಾಂತ್ಯದ ಫೋರ್ಟಲೇಜ ಎಂಬಲ್ಲಿ ಹಡಗುಗಳು ದಡಕ್ಕೆ ಬರಲಾಗುತ್ತಿರಲಿಲ್ಲ. ಸರಕನ್ನೂ ಮಾರಾಟವಾದ ಗುಲಾಮರನ್ನೂ ಜಂಗಾಡಗಳೇ ಹಡಗಿಗೆ ಮುಟ್ಟಿಸಬೇಕಿತ್ತು. 1881ರಲ್ಲಿ ಆ ಜಂಗಾಡದವರು, ಇನ್ನು ಮುಂದೆ ಈ ದಡದಿಂದ ಯಾವ ಗುಲಾಮನನ್ನೂ ಹಡಗಿಗೆ ಏರಿಸುವುದಿಲ್ಲವೆಂದು ಕೆಲಸ ನಿಲ್ಲಿಸಿಬಿಟ್ಟರು. ಅವರ ಮುಂದಾಳುಗಳಲ್ಲೊಬ್ಬನಾದ ಫ್ರಾನ್ಸಿಸ್ಕೊ ಜೋಸೆ ದೊ ನಾಸಿಮೆಂತೊ ಎಂಬವನನ್ನು ಜನರು ‘ಕಡಲಿನ ಮಹಾಸರ್ಪ’ ಎಂಬರ್ಥದ ಬಿರುದಿನಿಂದ ಕರೆದರು. 1884ರಲ್ಲಿ ಸೆಯಾರಾ ಗುಲಾಮಗಿರಿಯನ್ನು ರದ್ದುಗೊಳಿಸಿತು. ಇಡೀ ಬ್ರೆಜಿಲ್ ಅದನ್ನು ಮಾಡಿದುದು ನಾಲ್ಕು ವರ್ಷಗಳ ಅನಂತರ, 1888ರಲ್ಲಿ. ಹಡಗಿನ ಒಡೆಯನೂ ತೋಟದ ಒಡೆಯನೂ ಮಾಡದುದನ್ನು ತೆಪ್ಪ ನಡೆಸುವವರು ಮಾಡಿದರು.

ಅವನ ಹೆಸರಾದರೂ ಉಳಿಯಿತು. ಅಂಬಿಗರ ಹೆಸರುಗಳನ್ನು ಇತಿಹಾಸ ಸಾಮಾನ್ಯವಾಗಿ ಉಳಿಸುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಬೆನ್ ಯಿಜು ಎಂಬ ಯಹೂದಿ ವರ್ತಕನ ಪರವಾಗಿ ಏಡನ್ ಪಟ್ಟಣಕ್ಕೆ ಕಡಲ ಯಾನ ಮಾಡಿದ ಬೊಮ್ಮನೆಂಬ ಸೇವಕನ ಹೆಸರು ನಮಗೆ ಗೊತ್ತಿರುವುದು ಕೈರೋ ನಗರದ ಹಳೆಯ ಪತ್ರರಾಶಿಯೊಂದರಲ್ಲಿ ಅದು ಆಕಸ್ಮಿಕವಾಗಿ ಉಳಿದುದರಿಂದ. ನೇತ್ರಾವತಿಯ ಕಡವುಗಳಲ್ಲಿ ತಲೆಮಾರುಗಟ್ಟಲೆ ನಮ್ಮನ್ನು ದಾಟಿಸಿದವರಿಗೆ ಅಂತಹ ಪತ್ರರಾಶಿ ಎಲ್ಲಿದೆ? ಸೇತುವೆಯ ಕಲ್ಲಿನ ಮೇಲೆ ಉದ್ಘಾಟಿಸಿದವರ ಹೆಸರಿರುತ್ತದೆ. ಸೇತುವೆಗೆ ಮೊದಲು ದಾಟಿಸುತ್ತಿದ್ದವರ ಹೆಸರು ಎಲ್ಲಿಯೂ ಇಲ್ಲ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆದಾಗ ನನಗೆ ಸಂತೋಷವೇ ಆಯಿತು. ಆ ದ್ವೀಪದಂತಹ ಊರುಗಳ ಜನರ ಕಷ್ಟ ಸಣ್ಣದಲ್ಲ. ಆದರೆ ಅಷ್ಟು ವರ್ಷ ಅಲ್ಲಿ ಲಾಂಚು ನಡೆಸಿದವರ ನೆನಪುಗಳನ್ನು ಯಾರಾದರೂ ಬರೆದಿಟ್ಟರೆ ಎಷ್ಟು ಚೆನ್ನ ಎಂದೂ ಅನಿಸಿತು.

ಆದುದರಿಂದ ನನ್ನ ಶಿಷ್ಯರಿಗೂ ಬಂಧುಗಳಿಗೂ ಎರಡು ಮಾತು. ಕೆರಿಬಿಯನ್ ಕಡಲಿಗೆ ಹೋಗುವವರು ಸಂತೋಷವಾಗಿ ಹೋಗಿ ಬನ್ನಿ. ಚುಕ್ಕಾಣಿ ಹಿಡಿದವರ, ಅಡಿಗೆ ಮಾಡಿ ಬಡಿಸಿದವರ ಹೆಸರನ್ನೂ ಊರನ್ನೂ ಕೇಳಿ ತಿಳಿದುಕೊಳ್ಳಿ. ಅವರ ಮುತ್ತಜ್ಜ ಯಾವ ಹಡಗಿನಲ್ಲಿ ಬಂದಿದ್ದನೆಂಬ ಕಥೆ ಅವರಿಗೂ ಗೊತ್ತಿರಬಹುದು. ಊರಿನಲ್ಲಿರುವವರು ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ, ಧರ್ಮಸ್ಥಳಗಳ ಹಳೆಯ ಕಡವುಗಳ ಬಳಿಯ ಮನೆಗಳಿಗೆ ಹೋಗಿ, ಎಂಬತ್ತು ದಾಟಿದ ಅಜ್ಜ ಅಜ್ಜಿಯರನ್ನು ವಿಚಾರಿಸಿ: ಇಲ್ಲಿ ಜಂಗಲ್ ನಡೆಸುತ್ತಿದ್ದವರು ಯಾರು, ಒಂದು ಗಾಡಿಗೆ ಎಷ್ಟು ಕೂಲಿ, ನೆರೆ ಬಂದ ವರ್ಷ ಯಾರನ್ನು ದಾಟಿಸಿದರು? ಒಂದು ನೋಟುಪುಸ್ತಕ ಸಾಕು. ಹೆಸರು, ಊರು, ವರ್ಷ, ಈ ಮೂರನ್ನು ತಪ್ಪದೆ ಬರೆದುಕೊಳ್ಳಿ. ಕೇಳಬೇಕಾದ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಈ ಕೆಲಸವನ್ನು ಮುಂದಿನ ರಜೆಗೆಂದು ಮುಂದೂಡಬೇಡಿ.