ಚಿಗರಿ ಓಡೋ ದಾರಿ: ಹುಬ್ಬಳ್ಳಿ-ಧಾರವಾಡದ ನಡುವಿನ 22 ಕಿಲೋಮೀಟರ್ ಯಾರದು?

ಬಸ್‌ನ್ಯಾಗ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಿ ಅಂದ್ರೆ ಇವತ್ತಿನ ಎಪಿಸೋಡ್ ನಿಮಗಂತಲೇ ಮಾಡಿದ್ದು. ಇವತ್ತು ಒಂದು ರಸ್ತೆಯ ಇತಿಹಾಸ ಹೇಳ್ತೀನಿ. ಇದರಾಗ ರಾಜರಿಲ್ಲ, ಯುದ್ಧ ಇಲ್ಲ. ಆದ್ರೆ ಜಗಳ ಇದೆ, ಅದು ಇನ್ನೂ ಮುಗಿದಿಲ್ಲ.

ಕಥೆ ಶುರು ಮಾಡೋದು ಲಕ್ಕಲಕಟ್ಟಿಯಿಂದ. ಗೂಗಲ್ ಮ್ಯಾಪ್‌ನಲ್ಲಿ ಜೂಮ್ ಮಾಡಿ ಹುಡುಕಬೇಕಾದ ಊರು. ಮೊದಲು ರೋಣ ತಾಲ್ಲೂಕು, ಈಗ ಗಜೇಂದ್ರಗಡ ತಾಲ್ಲೂಕು. ಹತ್ತಿರದ ಪೇಟೆ ಗಜೇಂದ್ರಗಡ, ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಅಂದ್ರೆ ಈ ಭಾಗದ ಜನರಿಗೆ ದೂರದ ಊರು ಅಂದ್ರೆ ಬಸ್ಸು, ಬಸ್ಸು ಅಂದ್ರೆ ಕೆಂಪು ಬಸ್ಸು. ಗಜೇಂದ್ರಗಡಕ್ಕೆ ಹೋಗು, ಗದಗ ಹಿಡಿ, ಅಲ್ಲಿಂದ ಹುಬ್ಬಳ್ಳಿ. ಅಲ್ಲಿಗೆ ಮುಗೀತಾ? ಇಲ್ಲ. ಎಷ್ಟೋ ಸಲ ಇನ್ನೊಂದು ತುಂಡು ದಾರಿ ಉಳಿದಿರ್ತದೆ. ಹುಬ್ಬಳ್ಳಿಯಿಂದ ಧಾರವಾಡ.

ಯಾಕೆ ಅಂದ್ರೆ, ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಲಕ್ಕಲಕಟ್ಟಿಯ ಜಿಲ್ಲಾ ಕೇಂದ್ರ ಧಾರವಾಡ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಕೋರ್ಟು ಎಲ್ಲಾ ಅಲ್ಲೇ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ, ಅವೂ ಅಲ್ಲೇ. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್, ಹತ್ತಿ ವ್ಯಾಪಾರ, ದೊಡ್ಡ ಸರ್ಕಾರಿ ಆಸ್ಪತ್ರೆ. ರೊಕ್ಕ ಹುಬ್ಬಳ್ಳಿಯಲ್ಲಿ, ಕಾಗದ ಧಾರವಾಡದಲ್ಲಿ. ಹಂಗಾಗಿ ಈ ಎರಡು ಊರಿನ ನಡುವಿನ ದಾರಿ ಬರೀ ಆ ಎರಡು ಊರಿನವರದ್ದಾಗಿರಲಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಯವರ ಕೆಲಸವೂ ಆ ದಾರಿ ಮ್ಯಾಲೇ ನಿಂತಿತ್ತು. ಈ ಮಾತನ್ನ ನೆನಪಿಟ್ಟುಕೊಳ್ರಿ. ಕೊನೆಗೆ ಮತ್ತೆ ಇಲ್ಲಿಗೇ ಬರ್ತೀನಿ.

ಈ ದಾರಿಗೆ ಜನ ಕರೆಯೋ ಹೆಸರು ಪಿ.ಬಿ. ರೋಡ್. ಪುಣೆ-ಬೆಂಗಳೂರು ರೋಡ್ ಅಂತ. ಮುಂಬೈ, ಪುಣೆಯಿಂದ ಬಂದ ಲಾರಿ ಎಲ್ಲಾ ಊರ ನಡುವೆ ಹಾಯ್ದು ಬೆಂಗಳೂರಿಗೆ ಹೋಗ್ತಿದ್ದ ಕಾಲದ ಹೆಸರು ಅದು. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ವಿಚಾರ ಮಾಡ್ರಿ, 20 ಕಿಲೋಮೀಟರ್ ದೂರದಲ್ಲಿರೋ ಎರಡು ಊರಿಗೆ ಒಬ್ಬರೇ ಮೇಯರ್. ಕಾಗದದ ಮ್ಯಾಲೆ ಒಂದೂರು, ನೆಲದ ಮ್ಯಾಲೆ ಎರಡೂರು. ಇವನ್ನ ನಿಜವಾಗಿ ಹೊಲಿದು ಇಟ್ಟಿದ್ದು ಪಿ.ಬಿ. ರೋಡ್ ಅನ್ನೋ ದಾರ. ಆ ದಾರದ ಗುಂಟ ಉಣಕಲ್, ಭೈರಿದೇವರಕೊಪ್ಪ, ನವಲೂರಿನಂಥ ಹಳ್ಳಿಗಳು ನಿಧಾನಕ್ಕೆ ನಗರದೊಳಗೆ ಸೇರಿದವು. ನಡುವೆ ನವನಗರ ಅಂತ ಹೊಸ ಬಡಾವಣೆ ಎದ್ದಿತು. ವಿದ್ಯಾನಗರದಲ್ಲಿ ಕಾಲೇಜು, ಕಿಮ್ಸ್ ಆಸ್ಪತ್ರೆ, ಸತ್ತೂರಲ್ಲಿ ಎಸ್‌ಡಿಎಂ ಆಸ್ಪತ್ರೆ, ಎಲ್ಲಾ ಇದೇ ದಾರಿಗೆ ಹತ್ತಿಕೊಂಡು.

ಊರು ಹೀಗೆ ಉದ್ದಕ್ಕೆ ಬೆಳೆದ್ರೆ ಒಂದು ಲಾಭ ಇದೆ, ಒಂದು ಕಷ್ಟ ಇದೆ. ಲಾಭ ಏನಂದ್ರೆ, ಜನ ಎಲ್ಲಾ ಒಂದೇ ಗೆರೆ ಮ್ಯಾಲೆ ಇದ್ದಾರೆ, ಒಂದು ಒಳ್ಳೆ ಬಸ್ ಮಾರ್ಗ ಮಾಡಿದ್ರೆ ಅರ್ಧ ಊರಿಗೆ ಮುಟ್ತದೆ. ಕಷ್ಟ ಏನಂದ್ರೆ, ಆ ಗೆರೆ ಒಂದು ಕಡೆ ಕಟ್ಟಿಕೊಂಡ್ರೆ ಇಡೀ ಊರೇ ನಿಲ್ತದೆ. 2000ದ ನಂತರ ಆಗಿದ್ದು ಎರಡನೇದೇ. ಸರ್ಕಾರಿ ಬಸ್ಸು, ಬೇಂದ್ರೆ ನಗರ ಸಾರಿಗೆಯ ಖಾಸಗಿ ಬಸ್ಸು, ಟೆಂಪೊ, ಆಟೊ, ಬೈಕು, ಕಾರು, ಎಲ್ಲರಿಗೂ ಅದೊಂದೇ ದಾರಿ.

ಆಗ ಬಂದ ಉಪಾಯ ಬಿಆರ್‌ಟಿಎಸ್. ಬಸ್ ರ‍್ಯಾಪಿಡ್ ಟ್ರಾನ್ಸಿಟ್ ಸಿಸ್ಟಮ್. ಇದು ನಮ್ಮ ದೇಶದ್ದಲ್ಲ. ಬ್ರೆಜಿಲ್ ದೇಶದ ಕುರಿಚಿಬಾ ಊರಲ್ಲಿ, ವಾಸ್ತುಶಿಲ್ಪಿಯೂ ಆಗಿದ್ದ ಮೇಯರ್ ಜೈಮೆ ಲೆರ್ನರ್ ಕಾಲದಾಗ, 1974ರಲ್ಲಿ ಬಸ್ಸಿಗೆ ಅಂತಲೇ ಪ್ರತ್ಯೇಕ ದಾರಿ ಬಿಟ್ಟರು. ಮೆಟ್ರೊ ಕಟ್ಟುವಷ್ಟು ರೊಕ್ಕ ಇಲ್ಲ, ಮೆಟ್ರೊ ಮಾಡೋ ಕೆಲಸಾನ ಬಸ್ಸಿನಿಂದಲೇ ಮಾಡಿಸೋಣ ಅನ್ನೋ ಲೆಕ್ಕ. 2000ದಲ್ಲಿ ಕೊಲಂಬಿಯಾದ ಬೊಗೊಟಾ ಅದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತು. 2009ರಲ್ಲಿ ಅಹಮದಾಬಾದಿನ ಜನಮಾರ್ಗ ಬಂತು. ಹುಬ್ಬಳ್ಳಿ-ಧಾರವಾಡಕ್ಕಾಗಿ 2012ರಲ್ಲಿ ಒಂದು ಪ್ರತ್ಯೇಕ ಕಂಪನಿ ಮಾಡಿದರು. ವಿಶ್ವಬ್ಯಾಂಕ್ ನೆರವೂ ಬಂತು. ಒಟ್ಟು ಖರ್ಚು ಸುಮಾರು 970 ಕೋಟಿ ರೂಪಾಯಿ. ಉದ್ದ 22 ಕಿಲೋಮೀಟರ್‌ಗಿಂತ ಚೂರು ಜಾಸ್ತಿ.

ಈಗ ಸ್ವಲ್ಪ ಗಣಿತ ಮಾಡೋಣ. ಹೆದರಬ್ಯಾಡ್ರಿ, ಸಣ್ಣದು.

ರಸ್ತೆಯನ್ನ ಊರೊಳಗೆ 35 ಮೀಟರ್, ಎರಡೂ ಊರಿನ ನಡುವಿನ ಭಾಗದಲ್ಲಿ 44 ಮೀಟರ್ ಅಗಲ ಮಾಡೋದು ಯೋಜನೆ. ಒಂದು ಬಸ್ ಲೇನಿಗೆ ಸುಮಾರು ಮೂರೂವರೆ ಮೀಟರ್ ಬೇಕು. ನಿಲ್ದಾಣ ಇರೋ ಕಡೆ ಒಂದು ಬಸ್ ನಿಂತಾಗ ಹಿಂದಿನ ಎಕ್ಸ್‌ಪ್ರೆಸ್ ಬಸ್ ದಾಟಿ ಹೋಗ್ಬೇಕು. ಅದಕ್ಕೆ ಹೋಗಾಕ ಎರಡು, ಬರಾಕ ಎರಡು ಲೇನು. ಅಲ್ಲಿಗೆ 14 ಮೀಟರ್. ನಡುವೆ ನಿಲ್ದಾಣಕ್ಕೆ ಮೂರ್ನಾಲ್ಕು ಮೀಟರ್. 35ರಲ್ಲಿ ಅರ್ಧ ಅಲ್ಲೇ ಹೋಯ್ತು. ಉಳಿದರ್ಧದಲ್ಲಿ ಕಾರು, ಬೈಕು, ಲಾರಿ, ಫುಟ್‌ಪಾತ್, ಚರಂಡಿ, ಕಾಯಿಪಲ್ಯ ಮಾರೋ ಗಾಡಿ, ಎಲ್ಲಾ ಹಿಡಿಸಬೇಕು, ಅದೂ ಎರಡೂ ದಿಕ್ಕಿಗೆ. ಇದು ಡ್ರಾಯಿಂಗ್ ಶೀಟ್ ಮ್ಯಾಲೆ ಚೆಂದ ಕೂಡ್ತದೆ. ನೆಲದ ಮ್ಯಾಲೆ ಕೂಡ್ಬೇಕಂದ್ರೆ ಯಾರೋ ಒಬ್ಬರು ಜಾಗ ಬಿಡಬೇಕು.

ಬಿಟ್ಟರು. ದಾರಿಯ ಎರಡೂ ಬದಿಗೆ ಮನೆ, ಅಂಗಡಿಗಳ ಮುಂದಿನ ಭಾಗ ಹೋಯ್ತು. ವರ್ಷಗಟ್ಟಲೆ ಧೂಳು. ದೊಡ್ಡ ದೊಡ್ಡ ಮರಗಳು ಬಿದ್ದವು. ಕೋರ್ಟು ಕಚೇರಿ ಅಲೆದಾಟ ಆಯ್ತು. ಭೈರಿದೇವರಕೊಪ್ಪದ ದರ್ಗಾ ತೆರವಾಗಿದ್ದು 2022ರ ಡಿಸೆಂಬರ್‌ನಲ್ಲಿ, ಹೈಕೋರ್ಟಿನ ತನಕ ವಾದ ನಡೆದ ಮೇಲೆ, ಬಿಗಿ ಪೊಲೀಸ್ ಬಂದೋಬಸ್ತಿನಲ್ಲಿ. ಅಷ್ಟೊತ್ತಿಗೆ ಬಸ್ ಓಡಲು ಶುರುವಾಗಿ ನಾಲ್ಕು ವರ್ಷ ಆಗಿತ್ತು. ರಸ್ತೆ ಅಗಲ ಮಾಡೋದು ಅಂದ್ರೆ ಡಾಂಬರು ಹಾಕೋದಷ್ಟೇ ಅಲ್ಲ. ತಲೆಮಾರುಗಳ ನೆನಪು, ನಂಬಿಕೆ, ಹೊಟ್ಟೆಪಾಡು ಎಲ್ಲಾ ಅದೇ ದಾರಿ ಬದಿಗೆ ಕೂತಿರ್ತದೆ.

ಬಸ್ಸು ಓಡಲು ಶುರು ಮಾಡಿದ್ದು 2018ರ ಅಕ್ಟೋಬರ್ 2ರಂದು, ಪ್ರಾಯೋಗಿಕವಾಗಿ. ಹೆಸರು ಚಿಗರಿ. ಬೆಂಗಳೂರು ಕಡೆ ಕೇಳ್ತಾ ಇರೋರಿಗೆ: ಚಿಗರಿ ಅಂದ್ರೆ ಕೃಷ್ಣಮೃಗ. ಗದಗ ಜಿಲ್ಲೆಯ ಎರಿ ಹೊಲದ ರೈತರನ್ನ ಕೇಳ್ರಿ, ಚಿಗರಿ ಅಂದ್ರೆ ಏನು ಅಂತ. ಬಿತ್ತಿದ ಬೆಳಿ ಮೇದು, ಬೆನ್ನು ಹತ್ತಿದ್ರೆ ಕಣ್ಣು ಪಿಳುಕಿಸೋದ್ರೊಳಗ ಮಾಯ. ಬಸ್ಸಿಗೆ ಇಟ್ಟ ಹೆಸರು ಇಷ್ಟು ನಮ್ಮದಾಗಿದ್ದು ಕಡಿಮೆ.

ಬಸ್ಸೂ ಹಂಗೇ ಇತ್ತು. ಎಸಿ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಎತ್ತರ, ಮೆಟ್ಟಿಲು ಹತ್ತೋದೇ ಬ್ಯಾಡ. ಮಂಡಿನೋವಿನ ಅಜ್ಜಿ, ಗಾಲಿ ಕುರ್ಚಿಯವರು, ಕೂಸು ಎತ್ತಿಕೊಂಡ ತಾಯಿ ಸೀದಾ ಒಳಗೆ. ಟಿಕೆಟ್ ಹೊರಗೇ ತಗೊಂಡು, ಗೇಟ್ ದಾಟಿ ಬರೋದು. ಬಸ್ಸಿನೊಳಗೆ ಚಿಲ್ಲರೆ ಜಗಳ ಇಲ್ಲ. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟನೆ ಮಾಡಿದರು. ಎರಡು ತಿಂಗಳಾಗೋದ್ರೊಳಗೆ ಲಾಕ್‌ಡೌನ್. ನಡೆಯಾಕ ಕಲಿತ ಕೂಸಿಗೆ ಕಾಲು ಕಟ್ಟಿದ ಹಾಗಾಯ್ತು.

ಮುಂದೆ ದೂರುಗಳು ಶುರು. ಜೋರು ಮಳೆ ಬಂದ್ರೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಂತು ರಸ್ತೆ ಕೆರೆ ಆಗ್ತದೆ. ಬಸ್ಸುಗಳಿಗೆ ವಯಸ್ಸಾಯ್ತು, ಕೆಟ್ಟು ನಿಲ್ಲೋದು ಜಾಸ್ತಿ ಆಯ್ತು. ಎಲ್ಲಕ್ಕಿಂತ ದೊಡ್ಡ ದೂರು ಒಂದಿದೆ: 'ಬಸ್ ಲೇನು ಖಾಲಿ ಬಿದ್ದಿರ್ತದೆ, ನಾವು ಪಕ್ಕದಲ್ಲಿ ಟ್ರಾಫಿಕ್‌ನಲ್ಲಿ ಕುದೀತೀವಿ. ಅದನ್ನ ಎಲ್ಲರಿಗೂ ಬಿಟ್ಟುಬಿಡ್ರಿ.'

ಈ ದೂರನ್ನ ತಳ್ಳಿಹಾಕೋಕೆ ಆಗಲ್ಲ, ಹಂಗೇ ಒಪ್ಪೋಕೂ ಆಗಲ್ಲ. ಮತ್ತೊಂದು ಲೆಕ್ಕ ನೋಡ್ರಿ. ಒಂದು ಬಸ್ಸಿನಲ್ಲಿ 60 ಜನ ಅಂತ ಇಟ್ಕೊಳ್ಳೋಣ. ನಿಮಿಷಕ್ಕೊಂದು ಬಸ್ ಬಂದ್ರೆ ಆ ಒಂದು ಲೇನು ತಾಸಿಗೆ 3,600 ಜನರನ್ನ ದಾಟಿಸ್ತದೆ. ಕಾರು, ಬೈಕಿನ ಯಾವ ಲೇನಿಗೂ ಇದು ಸುಲಭವಲ್ಲ. ಆದ್ರೂ ನಿಂತು ನೋಡಿದ್ರೆ ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಲೇನು ಖಾಲಿನೇ ಕಾಣ್ತದೆ. ಖಾಲಿ ಕಾಣೋದ್ರಿಂದಲೇ ಅದು ವೇಗವಾಗಿ ಓಡೋದು. ಆದ್ರೆ ಅದೇ ಬಸ್ಸು ಐದು ನಿಮಿಷಕ್ಕೊಂದು ಬಂತು ಅನ್ನಿ. ಆಗ ತಾಸಿಗೆ 720 ಜನ ಮಾತ್ರ. ಈಗ ಪಕ್ಕದ ಲೇನಿನವರ ಸಿಟ್ಟಿಗೆ ಅರ್ಥ ಇದೆ. ಲೇನು ಒಂದೇ, ಅಗಲ ಒಂದೇ. ಅದು ನ್ಯಾಯವೋ ಅನ್ಯಾಯವೋ ಅನ್ನೋದನ್ನ ತೀರ್ಮಾನ ಮಾಡೋದು ಎಷ್ಟು ಹೊತ್ತಿಗೊಂದು ಬಸ್ ಬಿಡ್ತೀರಿ ಅನ್ನೋದು. ಕಾಂಕ್ರೀಟಿಗೆ ಒಂದೇ ಸಲ ರೊಕ್ಕ ಹಾಕಿದ್ರೆ ಆಯ್ತು. ಬಸ್ಸಿಗೆ, ಡ್ರೈವರಿಗೆ, ರಿಪೇರಿಗೆ ಪ್ರತಿ ವರ್ಷ ಹಾಕಬೇಕು. ನಮ್ಮ ಸರ್ಕಾರಗಳಿಗೆ ಮೊದಲನೇದು ಇಷ್ಟ, ಎರಡನೇದು ಬ್ಯಾಸರ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ದಿಲ್ಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿಲೋಮೀಟರ್ ಬಸ್ ಮಾರ್ಗ 2008ರಲ್ಲಿ ಶುರುವಾಯ್ತು. ಕಾರಿನವರ ವಿರೋಧ ಜೋರಾಗಿ, ಎಂಟು ವರ್ಷದೊಳಗೆ ಅದನ್ನ ಕಿತ್ತೇ ಹಾಕಿದರು. ಭೋಪಾಲದವರು 2024ರಲ್ಲಿ ತಮ್ಮದನ್ನ ತೆಗೆಯಲು ಶುರು ಮಾಡಿದರು. ಅಹಮದಾಬಾದಿನದು ಉಳಿದಿದೆ. ಈಗ ಹುಬ್ಬಳ್ಳಿ-ಧಾರವಾಡದಲ್ಲೂ ಹೊಸ ಮಾತು ಕೇಳ್ತಿದೆ: ಇದೇ ದಾರಿಯಲ್ಲಿ ಎಲೆಕ್ಟ್ರಿಕ್ ರ‍್ಯಾಪಿಡ್ ಟ್ರಾನ್ಸಿಟ್, ಅಂದ್ರೆ ಇ-ಆರ್‌ಟಿ. ರಬ್ಬರ್ ಟಯರ್ ಮ್ಯಾಲೆ ಓಡೋ, ಬೋಗಿ ಬೋಗಿ ಜೋಡಿಸಿದಂಥ ಉದ್ದನೆಯ ಎಲೆಕ್ಟ್ರಿಕ್ ಬಸ್ಸು. ವಿಡಿಯೊ ನೋಡಿದ್ರೆ ಯಾರಿಗಾದ್ರೂ ಆಸೆ ಆಗ್ತದೆ. ನನಗೂ ಆಯ್ತು.

ಆದ್ರೆ ಇತಿಹಾಸ ಓದೋರಿಗೆ ಒಂದು ಚಟ ಇರ್ತದೆ: ಹೊಸ ಗಾಡಿ ಬಂತು ಅಂದ್ರೆ ಹಳೇ ಪ್ರಶ್ನೆ ಕೇಳೋದು. ಈಗ ಲಕ್ಕಲಕಟ್ಟಿಗೆ ವಾಪಸ್ ಹೋಗೋಣ.

ಅಲ್ಲಿಂದ ಒಬ್ಬ ಹೆಣ್ಣುಮಗಳು ಹುಬ್ಬಳ್ಳಿಗೆ ಹೊಂಟಾಳ ಅಂತ ತಿಳ್ಕೊಳ್ರಿ. ಅತ್ತಿಗೆ ಹುಷಾರಿಲ್ಲ, ಕಿಮ್ಸ್‌ನಲ್ಲಿ ತೋರಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಕೆಂಪು ಬಸ್ಸಿನಲ್ಲಿ ಇಬ್ಬರಿಗೂ ಹುಬ್ಬಳ್ಳಿ ತನಕ ಟಿಕೆಟ್ ರೊಕ್ಕ ಇಲ್ಲ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಹತ್ತಬೇಕು. ಶಕ್ತಿ ಎಸಿ ಬಸ್ಸಿಗೆ ಇಲ್ಲ. ನೂರು ಕಿಲೋಮೀಟರ್ ಪುಕ್ಕಟೆ ಬಂದವರು, ಕಡೇ ನಾಲ್ಕು ಕಿಲೋಮೀಟರಿಗೆ ರೊಕ್ಕ ಕೊಡಬೇಕು. ಸಾಮಾನ್ಯ ಬಸ್ಸು ಸಿಕ್ಕರೆ ಆಕಿ ಅದನ್ನೇ ಹತ್ತುತಾಳೆ, ಅದು ಪಕ್ಕದ ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋದರೂ ಸರಿ. ಮೆಟ್ಟಿಲಿಲ್ಲದ ಬಸ್ಸು ಮಾಡಿದ್ದೇ ಆ ಅತ್ತಿಯಂಥವರಿಗೆ. ಆದ್ರೆ ಆ ಬಸ್ಸು ಆಕಿಯ ಮುಂದೇ ಹಾಯ್ದು ಹೋಗ್ತದೆ.

ನೋಡ್ರಿ, ಇದರಾಗ ಎಂಜಿನಿಯರ್ ತಪ್ಪು ಇಲ್ಲ, ಡ್ರೈವರ್ ತಪ್ಪು ಇಲ್ಲ. 22 ಕಿಲೋಮೀಟರ್‌ನ ಯೋಜನೆ ಮಾಡುವಾಗ ಆ 22 ಕಿಲೋಮೀಟರನ್ನಷ್ಟೇ ನೋಡಿದ್ದು ತೊಡಕು. ರಸ್ತೆ ಹುಬ್ಬಳ್ಳಿಯಲ್ಲಿ ಶುರುವಾಗಿ ಧಾರವಾಡದಲ್ಲಿ ಮುಗೀತದೆ. ಜನರ ಪ್ರಯಾಣ ಹಂಗಲ್ಲ. ಅದು ಲಕ್ಕಲಕಟ್ಟಿಯಲ್ಲಿ ನಸುಕಿನಾಗ ಶುರುವಾಗ್ತದೆ, ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಮುಗೀತದೆ.

ಹಂಗಾಗಿ ಮುಂದಿನ ಸಲ ಯಾರಾದ್ರೂ ಹೊಸ ಗಾಡಿಯ ಚಿತ್ರ ತೋರಿಸಿದ್ರೆ, ನೀವು ಮೂರು ಪ್ರಶ್ನೆ ಕೇಳ್ರಿ. ಎಷ್ಟು ನಿಮಿಷಕ್ಕೊಂದು ಬರ್ತದೆ, ಹತ್ತು ವರ್ಷ ಆದಮೇಲೂ ಅಷ್ಟೇ ಬರ್ತದಾ? ಹಳ್ಳಿಯಿಂದ ಬಂದವರು ಅದೇ ಟಿಕೆಟ್‌ನಲ್ಲಿ ಇದನ್ನ ಹತ್ತಬಹುದಾ? ಇನ್ನೂ ಜಾಗ ಬೇಕಂದ್ರೆ ಈ ಸಲ ಯಾರ ಅಂಗಳ ಹೋಗ್ತದೆ, ಅವರನ್ನ ಮೊದಲೇ ಕೂರಿಸಿ ಮಾತಾಡಿದ್ರಾ?

ಉತ್ತರ ಚೆನ್ನಾಗಿದ್ರೆ ಇ-ಆರ್‌ಟಿ ಬರಲಿ, ಸಂತೋಷ. ಇಲ್ಲಾಂದ್ರೆ ಇರೋ ಚಿಗರಿಗೆ ಹೊಸ ಬಸ್ಸು ಕೊಟ್ಟು, ಎರಡು ನಿಮಿಷಕ್ಕೊಂದು ಓಡಿಸಿದ್ರೂ ದೊಡ್ಡ ಕ್ರಾಂತಿನೇ. ಲೇನನ್ನ ಮುರಿದು ಎಲ್ಲರಿಗೂ ಬಿಡೋದು ಮಾತ್ರ ನನಗೆ ಸರಿ ಕಾಣಲ್ಲ. ಅಂಗಳ ಕೊಟ್ಟವರು ಕೊಟ್ಟಿದ್ದು ಬಸ್ಸಿಗೆ. ಅದನ್ನ ಇನ್ನೊಂದಿಷ್ಟು ಕಾರು ನಿಲ್ಲಿಸೋಕೆ ಕೊಟ್ಟುಬಿಟ್ರೆ, ಅವರಿಗೆ ಎರಡನೇ ಸಲ ಮೋಸ ಮಾಡಿದಂಗ.

ಇಷ್ಟೇರಿ ಇವತ್ತಿಗೆ. ನಿಮ್ಮೂರಿಂದ ಹುಬ್ಬಳ್ಳಿಗೆ ಅಥವಾ ಧಾರವಾಡಕ್ಕೆ ಎಷ್ಟು ಬಸ್ ಬದಲಿಸ್ತೀರಿ, ಎಲ್ಲಿ ಹೆಚ್ಚು ಹೊತ್ತು ಕಾಯ್ತೀರಿ, ಒಂದು ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಎಪಿಸೋಡ್‌ನಲ್ಲಿ ನಿಮ್ಮ ದನಿನೂ ಇರಲಿ. ಬಸ್ ಬಂತು ಅನ್ನಿಸ್ತದೆ, ಇಳೀರಿ, ಹುಷಾರಿ.